ಒಕ್ಕಲಿನ ನಂಬಿಕೆ ಒಡೆಯನದಲ್ಲ



ಯುರೋಪಿನ ನಟ್ಟನಡುವೆ, ಸುತ್ತಲೂ ಬೆಟ್ಟಸಾಲುಗಳಿರುವ ಒಂದು ನಾಡಿದೆ. ಹಿಂದಿನವರು ಅದನ್ನು ಬೊಹೀಮಿಯಾ ಎನ್ನುತ್ತಿದ್ದರು. ಪಕ್ಕದ ಮೊರಾವಿಯಾವೂ ಸೇರಿ ಇಂದು ಅದು ಚೆಕ್ ಗಣರಾಜ್ಯ. ರಾಜಧಾನಿ ಪ್ರಾಗ್. ಪ್ರಾಗಿನ ಪೂರ್ವಕ್ಕೆ ಕುತ್ನಾ ಹೋರಾ ಎಂಬ ಊರಿದೆ. ಒಂದು ಕಾಲಕ್ಕೆ ಅದು ಬೆಳ್ಳಿ ಗಣಿಗಳ ಊರು. 1485ರ ಮಾರ್ಚ್ ತಿಂಗಳಲ್ಲಿ ಆ ಊರಿನಲ್ಲಿ ನಾಡಿನ ಪ್ರಭುಗಳು, ಸರದಾರರು, ಪಟ್ಟಣಗಳ ಪ್ರತಿನಿಧಿಗಳು ಸಭೆ ಸೇರಿ ಒಂದು ಒಪ್ಪಂದಕ್ಕೆ ಬಂದರು. ಎರಡು ತಲೆಮಾರಿನಿಂದ ಹೊಡೆದಾಡಿಕೊಂಡು ಬಂದಿದ್ದ ಎರಡು ಕ್ರೈಸ್ತ ಪಂಗಡಗಳು ಇನ್ನು ಮೇಲೆ ಸರಿಸಮ ಎಂದರು. ಯಾವ ಒಡೆಯನೂ ತನ್ನ ಒಕ್ಕಲನ್ನು ತನ್ನ ಪಂಗಡಕ್ಕೆ ಬಲವಂತದಿಂದ ಎಳೆಯಕೂಡದು ಎಂದರು. ಆ ಒಪ್ಪಂದಕ್ಕೆ 31 ವರ್ಷದ ಅವಧಿ ಹಾಕಿಕೊಂಡರು. 1512ರಲ್ಲಿ, ಅವಧಿ ಮುಗಿಯುವ ಮೊದಲೇ, ಅದನ್ನು ಶಾಶ್ವತಗೊಳಿಸಿದರು.

ಈ ಮಾತಿನ ತೂಕ ತಿಳಿಯಬೇಕಾದರೆ ನೆರೆಮನೆಯನ್ನು ನೋಡಬೇಕು. ಎಪ್ಪತ್ತು ವರ್ಷಗಳ ಬಳಿಕ, 1555ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಇನ್ನೊಂದು ಧಾರ್ಮಿಕ ಶಾಂತಿ ಏರ್ಪಟ್ಟಿತು. ಪಠ್ಯಪುಸ್ತಕಗಳಲ್ಲಿ ಹೆಸರು ಮಾಡಿರುವುದು ಅದೇ. ಅದರ ಸಾರ ಇಷ್ಟು: ದೊರೆಯ ಮತವೇ ಪ್ರಜೆಯ ಮತ, ಒಪ್ಪದವನು ಮನೆಮಠ ಮಾರಿ ಊರು ಬಿಡಬಹುದು. ಕುತ್ನಾ ಹೋರಾದವರು ಅದಕ್ಕೂ ಮುಂಚೆಯೇ, ಅದಕ್ಕಿಂತ ದೂರ ನಡೆದಿದ್ದರು. ಪ್ರಾಗಿನ ಸೇತುವೆ, ಗೋಪುರ, ಅರಮನೆಗಳನ್ನು ನೋಡಿ ಲೋಕವೇ ಮೆಚ್ಚುತ್ತದೆ. ನನ್ನ ಮಟ್ಟಿಗೆ ಚೆಕ್ ಜನರ ಹಳೆಯ ಇತಿಹಾಸದಲ್ಲಿ ಈ ಒಪ್ಪಂದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಅದು ಹೇಗೆ ಕೈಗೂಡಿತು, ಹೇಗೆ ಕೈಬಿಟ್ಟುಹೋಯಿತು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ನಾಡಿನ ಸ್ಥಿತಿಗತಿ. ಚೆಕ್ಕರು ಸ್ಲಾವ್ ಜನ. ಅವರ ನಾಡಿನ ಮೂರು ಕಡೆ ಜರ್ಮನ್ ಮಾತಿನವರು, ಈಶಾನ್ಯಕ್ಕೆ ಪೋಲೆಂಡ್, ಆಗ್ನೇಯಕ್ಕೆ ಹಂಗೇರಿ. ಪ್ರಶೆಮಿಸ್ಲ್ ಮನೆತನದ ಅರಸರು ಶತಮಾನಗಳ ಕಾಲ ಈ ನಾಡನ್ನಾಳಿದರು. ಕಾಡು ಕಡಿದು ಹೊಲ ಮಾಡಲು, ಪೇಟೆ ಕಟ್ಟಲು, ಗಣಿ ತೋಡಲು ಆ ಅರಸರೇ ಜರ್ಮನ್ ಒಕ್ಕಲುಗಳನ್ನು, ಕುಶಲಕರ್ಮಿಗಳನ್ನು ಕರೆತಂದರು. ಹೀಗೆ ನಾಡಿನೊಳಗೇ ಎರಡು ಭಾಷೆಗಳು ಬೇರೂರಿದವು. 13ನೇ ಶತಮಾನದ ಕೊನೆಗೆ ಕುತ್ನಾ ಹೋರಾದಲ್ಲಿ ಬೆಳ್ಳಿಯ ಅದಿರು ಹೇರಳವಾಗಿ ಸಿಕ್ಕಿತು. ಎರಡನೆಯ ವಾಚ್ಲಾವ್ ದೊರೆ ಇಟಲಿಯಿಂದ ನಿಪುಣರನ್ನು ಕರೆಸಿ, ಅಲ್ಲಿ ಟಂಕಸಾಲೆ ತೆರೆದು, 1300ರಲ್ಲಿ ಪ್ರಾಗ್ ಗ್ರೋಶನ್ ಎಂಬ ಬೆಳ್ಳಿ ನಾಣ್ಯ ಹೊರಡಿಸಿದ. ನೆರೆರಾಜ್ಯಗಳ ಸಂತೆಗಳಲ್ಲೂ ಆ ನಾಣ್ಯ ಓಡಾಡಿತು. ಟಂಕಸಾಲೆಯ ಕಟ್ಟಡವನ್ನು ಇಂದಿಗೂ ಇಟಲಿಯವರ ಅಂಗಳ ಎಂದೇ ಕರೆಯುತ್ತಾರೆ.

1306ರಲ್ಲಿ ಆ ಮನೆತನದ ಕೊನೆಯ ದೊರೆ ಕೊಲೆಯಾದ. ನಾಲ್ಕು ವರ್ಷಗಳ ಮೇಲೆ ಸಿಂಹಾಸನ ಲಕ್ಸಂಬರ್ಗ್ ಮನೆತನಕ್ಕೆ ಹೋಯಿತು. ಆ ಮನೆತನದ ನಾಲ್ಕನೆಯ ಚಾರ್ಲ್ಸ್‌ನ ತಾಯಿ ಪ್ರಶೆಮಿಸ್ಲ್ ಮನೆಯ ಮಗಳು. ಬೊಹೀಮಿಯಾದ ದೊರೆಯಾಗಿದ್ದವನು 1355ರಲ್ಲಿ ಪವಿತ್ರ ರೋಮನ್ ಚಕ್ರವರ್ತಿಯೂ ಆದ. 1348ರಲ್ಲಿ ಪ್ರಾಗಿನಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ. ಆಲ್ಪ್ಸ್ ಪರ್ವತದ ಉತ್ತರಕ್ಕೆ, ರೈನ್ ನದಿಯ ಪೂರ್ವಕ್ಕೆ ಅದೇ ಮೊದಲನೆಯ ವಿಶ್ವವಿದ್ಯಾಲಯ. ಅದೇ ವರ್ಷ ಪ್ರಾಗಿನ ಹೊಸಪೇಟೆಗೆ ನೆಲ ಗುರುತಿಸಿದ. ವ್ಲ್ತಾವಾ ನದಿಯ ಮೇಲೆ ಕಲ್ಲಿನ ಸೇತುವೆಗೆ 1357ರಲ್ಲಿ ಅಡಿಗಲ್ಲು ಬಿತ್ತು. ಈ ವೈಭವದ ಜೊತೆಜೊತೆಗೆ ಚರ್ಚಿನ ಆಸ್ತಿಯೂ ಬೆಳೆಯಿತು. ಉಳುವವನ ಕಣ್ಣಿಗೆ ಮಠದ ಪಾದ್ರಿಯೂ ಗೇಣಿ ವಸೂಲು ಮಾಡುವ ಇನ್ನೊಬ್ಬ ಒಡೆಯನೇ ಆದ. 1378ರಲ್ಲಿ ಚಾರ್ಲ್ಸ್ ತೀರಿಕೊಂಡ. ಅದೇ ವರ್ಷ ಕ್ರೈಸ್ತ ಲೋಕಕ್ಕೆ ಇಬ್ಬರು ಪೋಪರಾದರು, ಒಬ್ಬರು ರೋಮಿನಲ್ಲಿ, ಇನ್ನೊಬ್ಬರು ಅವಿನ್ಯೋನಿನಲ್ಲಿ. ಜಗಳ ಬಿಡಿಸಲು 1409ರಲ್ಲಿ ಪೀಸಾ ನಗರದಲ್ಲಿ ಕೂಡಿದ ಸಭೆ ಮೂರನೆಯವನನ್ನು ಆರಿಸಿತು. ಪೋಪರು ಮೂವರಾದರು. ದೇವರ ಪ್ರತಿನಿಧಿ ಯಾರು ಎಂಬ ಪ್ರಶ್ನೆಯನ್ನು ಸಾಮಾನ್ಯ ಜನ ಕೇಳಲೇಬೇಕಾಯಿತು.

ಆ ಪ್ರಶ್ನೆಗೆ ದನಿ ಕೊಟ್ಟವನು ಯಾನ್ ಹುಸ್. ದಕ್ಷಿಣ ಬೊಹೀಮಿಯಾದ ಬಡ ಮನೆಯ ಹುಡುಗ. ಓದಿ ವಿಶ್ವವಿದ್ಯಾಲಯದ ಅಧ್ಯಾಪಕನಾದ. ಪ್ರಾಗಿನಲ್ಲಿ 1391ರಲ್ಲಿ ಚೆಕ್ ಭಾಷೆಯ ಪ್ರವಚನಕ್ಕೆಂದೇ ಬೆತ್ಲೆಹೆಮ್ ಪ್ರಾರ್ಥನಾಲಯ ಎಂಬ ದೊಡ್ಡ ಸಭಾಂಗಣವನ್ನು ಕಟ್ಟಿಸಿದ್ದರು. 1402ರಿಂದ ಹುಸ್ ಅಲ್ಲಿಯ ಪ್ರವಚನಕಾರ. ಇಂಗ್ಲೆಂಡಿನ ಜಾನ್ ವಿಕ್ಲಿಫ್ ಬರೆದ ಪುಸ್ತಕಗಳನ್ನು ಆಕ್ಸ್‌ಫರ್ಡಿಗೆ ಹೋಗಿಬಂದ ವಿದ್ಯಾರ್ಥಿಗಳು ಪ್ರಾಗಿಗೆ ತಂದಿದ್ದರು. ಚರ್ಚಿನ ಯಜಮಾನ ಕ್ರಿಸ್ತನೇ ಹೊರತು ಪೋಪನಲ್ಲ, ಪಾದ್ರಿಗಳಿಗೆ ಸಿರಿಸಂಪತ್ತು ಸಲ್ಲದು ಎಂಬ ಮಾತುಗಳು ಆ ಪುಸ್ತಕಗಳಲ್ಲಿದ್ದವು. ಹುಸ್ ಅದನ್ನು ತನ್ನ ಜನರ ಭಾಷೆಯಲ್ಲಿ ಹೇಳಿದ. ವಿಶ್ವವಿದ್ಯಾಲಯದಲ್ಲಿ ಈ ವಿಚಾರಗಳ ಸುತ್ತ ಚೆಕ್ ಮತ್ತು ಜರ್ಮನ್ ಅಧ್ಯಾಪಕರ ನಡುವೆ ಬಿರುಕು ಬಿಟ್ಟಿತು. 1409ರ ಜನವರಿಯಲ್ಲಿ ದೊರೆ ನಾಲ್ಕನೆಯ ವಾಚ್ಲಾವ್ ಕುತ್ನಾ ಹೋರಾದಿಂದ ಒಂದು ಆಜ್ಞೆ ಹೊರಡಿಸಿ, ವಿಶ್ವವಿದ್ಯಾಲಯದ ಆಡಳಿತದಲ್ಲಿ ಚೆಕ್ಕರಿಗೆ ಮೂರು ಮತ, ಉಳಿದ ಮೂರು ಹೊರನಾಡ ಗುಂಪುಗಳಿಗೆಲ್ಲ ಸೇರಿ ಒಂದು ಮತ ಎಂದು ತಿರುಗಿಸಿಬಿಟ್ಟ. ಜರ್ಮನ್ ಅಧ್ಯಾಪಕರೂ ವಿದ್ಯಾರ್ಥಿಗಳೂ ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದರು. ಲೈಪ್‌ಜಿಗ್ ವಿಶ್ವವಿದ್ಯಾಲಯ ಹುಟ್ಟಿದ್ದು ಹಾಗೆ. ಚೆಕ್ಕರ ಪಾಲಿಗೆ ಅದು ಗೆಲುವಾಗಿ ಕಂಡಿತು. ಆದರೆ ಯುರೋಪಿನದಾಗಿದ್ದ ವಿದ್ಯಾಪೀಠ ಅಂದಿನಿಂದ ಒಂದು ನಾಡಿನದಾಯಿತು. ನೆರೆಯವರ ಮನಸ್ಸಿನಲ್ಲಿ ಹಗೆ ಉಳಿಯಿತು.

1412ರಲ್ಲಿ ಒಬ್ಬ ಪೋಪ್ ತನ್ನ ಯುದ್ಧದ ಖರ್ಚಿಗೆ ಪಾಪವಿಮೋಚನಾ ಪತ್ರಗಳನ್ನು ಮಾರಿಸಿದಾಗ ಹುಸ್ ಬಹಿರಂಗವಾಗಿ ವಿರೋಧಿಸಿದ. ದೊರೆಗೂ ಆ ಹಣದಲ್ಲಿ ಪಾಲಿತ್ತು. ಪ್ರತಿಭಟಿಸಿದ ಮೂವರು ಯುವಕರ ತಲೆ ಕಡಿದರು. ಹುಸ್ ಪ್ರಾಗ್ ಬಿಟ್ಟು ಹಳ್ಳಿಗಾಡಿನಲ್ಲಿ, ಬಯಲಿನಲ್ಲಿ, ಪ್ರವಚನ ಮಾಡುತ್ತ ತಿರುಗಿದ. ಮೂವರು ಪೋಪರ ಗೊಂದಲ ತೀರಿಸಲು 1414ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಚರ್ಚಿನ ಮಹಾಸಭೆ ಸೇರಿದಾಗ ಅವನನ್ನೂ ಕರೆದರು. ವಾಚ್ಲಾವನ ತಮ್ಮ, ಹಂಗೇರಿಯ ದೊರೆ ಸಿಗಿಸ್ಮಂಡ್ ಅಭಯಪತ್ರ ಕೊಟ್ಟ. ಹುಸ್ ಹೋದ. ಕೆಲವೇ ವಾರಗಳಲ್ಲಿ ಸೆರೆಯಾದ. ನಾನು ಬರೆದದ್ದು ತಪ್ಪೆಂದು ಧರ್ಮಗ್ರಂಥದಿಂದ ತೋರಿಸಿಕೊಡಿ, ಹಿಂತೆಗೆದುಕೊಳ್ಳುತ್ತೇನೆ ಎಂದು ಅವನು ಪದೇಪದೇ ಹೇಳಿದ. ಸಭೆಗೆ ಬೇಕಾಗಿದ್ದದ್ದು ವಾದವಲ್ಲ, ಶರಣಾಗತಿ. 1415ರ ಜುಲೈ 6ರಂದು ಅವನನ್ನು ಸುಟ್ಟು, ಬೂದಿಯನ್ನು ರೈನ್ ನದಿಗೆ ಚೆಲ್ಲಿದರು. ಮರುವರ್ಷ ಅವನ ಗೆಳೆಯ ಪ್ರಾಗಿನ ಜೆರೋಮನನ್ನೂ ಅದೇ ಊರಿನಲ್ಲಿ ಸುಟ್ಟರು. ಬೊಹೀಮಿಯಾ ಮತ್ತು ಮೊರಾವಿಯಾದ 452 ಪ್ರಭುಗಳು, ಸರದಾರರು ತಮ್ಮ ಮೊಹರು ಒತ್ತಿ ಮಹಾಸಭೆಗೆ ಪ್ರತಿಭಟನಾ ಪತ್ರ ಕಳಿಸಿದರು.

ಇಲ್ಲಿ ಬಟ್ಟಲಿನ ಮಾತು ಹೇಳಬೇಕು. ಕ್ರೈಸ್ತರ ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಎರಡೂ ಉಂಟು. ಮಧ್ಯಯುಗದಲ್ಲಿ ಬರಬರುತ್ತ ಜನಸಾಮಾನ್ಯರಿಗೆ ರೊಟ್ಟಿ ಮಾತ್ರ ಕೊಟ್ಟು, ದ್ರಾಕ್ಷಾರಸದ ಬಟ್ಟಲನ್ನು ಪಾದ್ರಿಗಳಿಗಷ್ಟೇ ಮೀಸಲಿಟ್ಟಿದ್ದರು. ಹುಸ್ ಕಾನ್‌ಸ್ಟನ್ಸಿಗೆ ಹೋಗಿದ್ದ ಸಮಯದಲ್ಲಿ ಪ್ರಾಗಿನಲ್ಲಿ ಅವನ ಸಂಗಾತಿ ಸ್ತ್ರೀಬ್ರೋದ ಯಾಕೋಬೆಕ್ ಆ ಬಟ್ಟಲನ್ನು ಎಲ್ಲರಿಗೂ ಕೊಡತೊಡಗಿದ. ಗಂಡು ಹೆಣ್ಣು, ಒಡೆಯ ಆಳು ಎಲ್ಲರೂ ಪೂಜೆಯಲ್ಲಿ ಒಂದೇ ಬಟ್ಟಲಿನಿಂದ ಕುಡಿದರು. ಮಹಾಸಭೆ ಅದನ್ನು ನಿಷೇಧಿಸಿತು. ನಿಷೇಧಿಸಿದ್ದರಿಂದಲೇ ಆ ಬಟ್ಟಲು ಧ್ವಜವೇರಿತು. ಬಟ್ಟಲಿನವರು ಎಂದರೆ ಹುಸ್‌ನ ಹಿಂಬಾಲಕರು ಎಂದಾಯಿತು.

1419ರ ಜುಲೈ 30ರಂದು ಯಾನ್ ಝೆಲಿವ್‌ಸ್ಕಿ ಎಂಬ ಪ್ರವಚನಕಾರನ ಮುಂದಾಳುತನದಲ್ಲಿ ಜನ ಪ್ರಾಗಿನ ಹೊಸಪೇಟೆಯ ಪುರಭವನಕ್ಕೆ ನುಗ್ಗಿ, ಸೆರೆಯಲ್ಲಿದ್ದ ತಮ್ಮವರನ್ನು ಬಿಡದ ಪುರಸಭಾ ಸದಸ್ಯರನ್ನು ಕಿಟಕಿಯಿಂದ ಕೆಳಗೆ ತಳ್ಳಿ ಕೊಂದರು. ಆ ಸುದ್ದಿಯ ಆಘಾತ ತಾಳಲಾರದೆ ವಾಚ್ಲಾವ್ ದೊರೆ ಕೆಲವೇ ದಿನಗಳಲ್ಲಿ ತೀರಿಕೊಂಡ. ಸಿಂಹಾಸನಕ್ಕೆ ವಾರಸುದಾರ ಸಿಗಿಸ್ಮಂಡ್, ಹುಸ್‌ಗೆ ಅಭಯಪತ್ರ ಕೊಟ್ಟು ಕೈಬಿಟ್ಟವನು. ಅವನನ್ನು ನಾಡು ಒಲ್ಲೆ ಎಂದಿತು. ಪೋಪ್ ಧರ್ಮಯುದ್ಧ ಸಾರಿದ. 1420ರಿಂದ 1431ರವರೆಗೆ ಹೊರಗಿನಿಂದ ಐದು ದಂಡಯಾತ್ರೆಗಳು ಬಂದವು. ಐದೂ ಸೋತವು.

ಸೋಲಿಸಿದವರು ಯಾರು? ದಕ್ಷಿಣದಲ್ಲಿ ತಾಬೋರ್ ಎಂಬ ಹೊಸ ಊರು ಕಟ್ಟಿಕೊಂಡು ಆಸ್ತಿಯನ್ನೆಲ್ಲ ಒಟ್ಟಿಗೆ ಹಾಕಿದ್ದ ರೈತರು, ಕುಶಲಕರ್ಮಿಗಳು, ಬಡ ಸರದಾರರು. ಅವರ ದಂಡನಾಯಕ ಯಾನ್ ಜಿಜ್ಕಾ. ಒಂದು ಕಣ್ಣು ಮೊದಲೇ ಹೋಗಿತ್ತು. 1421ರಲ್ಲಿ ಇನ್ನೊಂದೂ ಹೋಯಿತು. ಕುರುಡನಾಗಿಯೇ ಅವನು ಯುದ್ಧಗಳನ್ನು ಗೆದ್ದ. ಅವನ ಉಪಾಯ ಹಳ್ಳಿಯಿಂದಲೇ ಬಂದದ್ದು. ಗಾಡಿಗಳಿಗೆ ದಪ್ಪ ಹಲಗೆ ಹೊಡೆದು, ಒಂದಕ್ಕೊಂದು ಸರಪಳಿ ಬಿಗಿದು, ಬಯಲಿನಲ್ಲಿ ಚಲಿಸುವ ಕೋಟೆ ಮಾಡುತ್ತಿದ್ದ. ಒಂದೊಂದು ಗಾಡಿಯಲ್ಲೂ ಇಪ್ಪತ್ತರ ಹತ್ತಿರ ಜನ: ಬಿಲ್ಲುಗಾರರು, ಕೈಕೋವಿ ಹಿಡಿದವರು, ಕಾಳು ಬಡಿಯುವ ಕೋಲಿಗೆ ಕಬ್ಬಿಣದ ಮುಳ್ಳು ಹೊಡೆದುಕೊಂಡ ರೈತರು. ಗಾಡಿಗಳ ನಡುವೆ ಸಣ್ಣ ತೋಪುಗಳು. ಉಕ್ಕಿನ ಕವಚ ತೊಟ್ಟ ಕುದುರೆಸವಾರರು ಆ ಗಾಡಿಗಳಿಗೆ ಬಂದು ಬಡಿದು ಚೆದುರುವಾಗ ಒಳಗಿನವರು ಹೊರಬಿದ್ದು ಮೇಲೆರಗುತ್ತಿದ್ದರು. 1424ರಲ್ಲಿ ಜಿಜ್ಕಾ ರೋಗದಿಂದ ತೀರಿಕೊಂಡ. ಪಾದ್ರಿಯಾಗಿದ್ದ ಪ್ರೊಕೋಪ್ ಅವನ ಜಾಗಕ್ಕೆ ಬಂದು, ಯುದ್ಧವನ್ನು ನೆರೆನಾಡುಗಳೊಳಕ್ಕೇ ಒಯ್ದ. ಸ್ಯಾಕ್ಸನಿ, ಸೈಲೇಶಿಯಾ, ಆಸ್ಟ್ರಿಯಾದ ಹಳ್ಳಿಗಳು ಸುಟ್ಟವು.

ಈ ಕಥೆಯನ್ನು ಬರಿಯ ವೀರಗಾಥೆಯಾಗಿ ಹೇಳುವವರಿದ್ದಾರೆ. ನನಗೆ ಅದು ಸಾಲದು. ಕುತ್ನಾ ಹೋರಾದ ಜರ್ಮನ್ ಕ್ಯಾಥೊಲಿಕ್ ಗಣಿಕಾರರು ಬಟ್ಟಲಿನವರನ್ನು ಹಿಡಿಹಿಡಿದು ಗಣಿಯ ಬಾವಿಗಳಿಗೆ ಜೀವಂತ ತಳ್ಳಿದರು. ಇತ್ತ ಪ್ರಾಖಾತಿತ್ಸೆ ಪಟ್ಟಣವನ್ನು ಗೆದ್ದ ಜಿಜ್ಕಾನ ಜನ ಸೆರೆಸಿಕ್ಕ ನಾಗರಿಕರನ್ನು ಚರ್ಚಿನೊಳಗೇ ಕೂಡಿಹಾಕಿ ಸುಟ್ಟರು. ಖೊಮುತೋವ್ ಪಟ್ಟಣದಲ್ಲಿ ಕಗ್ಗೊಲೆ ನಡೆಸಿದರು. ಹೊತ್ತಿಗೆಗಳು, ವಿಗ್ರಹಗಳು, ಮಠಗಳು ಬೂದಿಯಾದವು. ಎರಡೂ ಕಡೆಯವರ ಬಾಯಲ್ಲಿ ಕ್ರಿಸ್ತನ ಹೆಸರೇ ಇತ್ತು. ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ಬಡವರು.

ಇದೆಲ್ಲವನ್ನೂ ಹತ್ತಿರದಿಂದ ಕಂಡ ಒಬ್ಬ ಚಿಂತಕನಿದ್ದ. ಹೆಸರು ಪೇತ್ರ್ ಹೆಲ್ಚಿತ್ಸ್ಕಿ, ದಕ್ಷಿಣ ಬೊಹೀಮಿಯಾದವನು. ಬಟ್ಟಲಿನ ಪರವಾಗಿಯೇ ಇದ್ದರೂ, ನಂಬಿಕೆಗಾಗಿ ಕೊಲ್ಲುವುದು ಯಾರಿಗೂ ಸಲ್ಲದು ಎಂದು ಯುದ್ಧದ ನಡುವೆಯೇ ಬರೆದ. ಆಳುವವರು, ಪ್ರಾರ್ಥಿಸುವವರು, ದುಡಿಯುವವರು ಎಂಬ ವಿಂಗಡಣೆಯನ್ನು ದೇವರು ಮಾಡಿದ್ದಲ್ಲ ಎಂದ. ಅವನ ಮಾತಿಗೆ ಓಗೊಟ್ಟ ಕೆಲವರು 1457ರ ಸುಮಾರಿಗೆ ಕುನ್ವಾಲ್ಡ್ ಎಂಬ ಹಳ್ಳಿಯಲ್ಲಿ ಸೋದರರ ಕೂಟ ಕಟ್ಟಿಕೊಂಡರು. ನಾಲ್ಕು ಶತಮಾನಗಳ ನಂತರ ರಷ್ಯಾದ ಟಾಲ್‌ಸ್ಟಾಯ್ ದೇವರ ರಾಜ್ಯದ ಕುರಿತ ತನ್ನ ಗ್ರಂಥದಲ್ಲಿ ಈ ಹೆಲ್ಚಿತ್ಸ್ಕಿಯನ್ನು ಆದರದಿಂದ ಸ್ಮರಿಸಿದ. ಅದೇ ಗ್ರಂಥವನ್ನು ದಕ್ಷಿಣ ಆಫ್ರಿಕದಲ್ಲಿದ್ದಾಗ ಓದಿದ ಗಾಂಧೀಜಿ, ಅದು ತಮ್ಮ ಮೇಲೆ ಅಳಿಸಲಾಗದ ಪ್ರಭಾವ ಬೀರಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬೊಹೀಮಿಯಾದ ಒಂದು ಹಳ್ಳಿಯ ವಿಚಾರ ನಮ್ಮ ಸ್ವಾತಂತ್ರ್ಯ ಹೋರಾಟದ ಹತ್ತಿರ ಬಂದ ದಾರಿ ಇದು.

ಯುದ್ಧದಿಂದ ಮಾತುಕತೆಗೆ ದಾರಿಯಾದದ್ದು ಹೇಗೆಂದು ನೋಡೋಣ. 1431ರ ಆಗಸ್ಟಿನಲ್ಲಿ ಐದನೆಯ ದಂಡು ದೊಮಾಜ್ಲಿತ್ಸೆಯ ಹತ್ತಿರ ಗಾಡಿಗಳ ಸದ್ದು ಕೇಳಿಯೇ ಚೆಲ್ಲಾಪಿಲ್ಲಿಯಾಯಿತು. ದಂಡಿನೊಂದಿಗಿದ್ದ ಪೋಪನ ಪ್ರತಿನಿಧಿ ಕಾರ್ಡಿನಲ್ ಚೆಸರೀನಿ ಪ್ರಾಣ ಉಳಿಸಿಕೊಂಡು ಓಡಿದ. ಕತ್ತಿಯಿಂದ ಈ ಜನರನ್ನು ಬಗ್ಗಿಸಲಾಗದು ಎಂದು ಮನಗಂಡು ಬಾಸೆಲ್ ನಗರದ ಮಹಾಸಭೆಯಲ್ಲಿ ಸಂಧಾನದ ಮಾತೆತ್ತಿದವನೂ ಅವನೇ. ಬಟ್ಟಲಿನವರು ಕಾನ್‌ಸ್ಟನ್ಸನ್ನು ಮರೆತಿರಲಿಲ್ಲ. ಬರಿಯ ಅಭಯಪತ್ರ ನಂಬಿ ಹೊರಡಲು ಸಿದ್ಧರಿರಲಿಲ್ಲ. 1432ರ ಮೇ ತಿಂಗಳಲ್ಲಿ ಗಡಿಪಟ್ಟಣ ಹೆಬ್‌ನಲ್ಲಿ ಎರಡೂ ಕಡೆಯವರು ಕೂತು ಮೊದಲು ವಾದದ ನಿಯಮ ಬರೆದುಕೊಂಡರು. ತೀರ್ಪಿಗೆ ಆಧಾರ ಧರ್ಮಗ್ರಂಥ, ಕ್ರಿಸ್ತನ ಮತ್ತು ಅಪೊಸ್ತಲರ ನಡೆ, ಆದಿ ಚರ್ಚಿನ ಆಚರಣೆ, ಅವುಗಳನ್ನು ಆಧರಿಸಿದ ಆಚಾರ್ಯರ ಮಾತು. ಪೋಪನ ಅಪ್ಪಣೆ ಆ ಪಟ್ಟಿಯಲ್ಲಿ ಇರಲಿಲ್ಲ. ಹುಸ್ ಬೇಡಿ ಸಿಗದಿದ್ದ ನ್ಯಾಯಪೀಠ ಹದಿನೇಳು ವರ್ಷಗಳ ಬಳಿಕ ಅವನ ಜನರಿಗೆ ಸಿಕ್ಕಿತು.

1433ರ ಆರಂಭದ ತಿಂಗಳುಗಳಲ್ಲಿ ಬಾಸೆಲ್‌ನಲ್ಲಿ ವಾದ ನಡೆಯಿತು. ಬಟ್ಟಲಿನವರು ಇಟ್ಟ ಬೇಡಿಕೆ ನಾಲ್ಕು: ದೇವರ ವಾಕ್ಯವನ್ನು ತಡೆಯಿಲ್ಲದೆ ಸಾರುವ ಹಕ್ಕು, ಎಲ್ಲರಿಗೂ ಬಟ್ಟಲು, ಪಾದ್ರಿಗಳಿಗೆ ಲೌಕಿಕ ಅಧಿಕಾರ ಬೇಡ, ಘೋರ ಪಾಪ ಮಾಡಿದವರು ಯಾರೇ ಆಗಿರಲಿ ಶಿಕ್ಷೆಯಾಗಲಿ. ವಾದಿಸಿದವರಲ್ಲಿ ಪ್ರಾಗಿನ ಯಾನ್ ರೊಕಿತ್ಸಾನಾ, ದಂಡನಾಯಕ ಪ್ರೊಕೋಪ್, ಇಂಗ್ಲೆಂಡಿನಿಂದ ಓಡಿಬಂದು ಬೊಹೀಮಿಯಾದಲ್ಲಿ ನೆಲೆಸಿದ್ದ ಪೀಟರ್ ಪೇನ್ ಇದ್ದರು. ಆದರೆ ನಾಡಿನೊಳಗೆ ದಣಿವು ಹೆಚ್ಚಿತ್ತು. 1434ರ ಮೇ 30ರಂದು ಲಿಪಾನಿಯ ಬಯಲಿನಲ್ಲಿ ಸಂಧಾನ ಬಯಸಿದ ಮಿತವಾದಿಗಳೂ ಕ್ಯಾಥೊಲಿಕ್ ಪ್ರಭುಗಳೂ ಒಂದಾಗಿ ತಾಬೋರಿನವರನ್ನು ಸೋಲಿಸಿದರು. ಪ್ರೊಕೋಪ್ ಅಲ್ಲೇ ಬಿದ್ದ. 1436ರ ಜುಲೈಯಲ್ಲಿ ಮೊರಾವಿಯಾದ ಯಿಹ್ಲಾವಾ ಪಟ್ಟಣದಲ್ಲಿ ಬಾಸೆಲ್ ಸಭೆಯೊಡನೆಯ ಒಡಂಬಡಿಕೆ ಸಾರಿದರು. ಬಟ್ಟಲಿಗೆ ಚರ್ಚಿನ ಒಪ್ಪಿಗೆ ಸಿಕ್ಕಿತು. ಉಳಿದ ಮೂರು ಬೇಡಿಕೆಗಳನ್ನು ಸಡಿಲಗೊಳಿಸಿ ಬರೆದರು. ಸಿಗಿಸ್ಮಂಡನನ್ನು ದೊರೆಯೆಂದು ಒಪ್ಪಿಕೊಂಡರು. ಒಂದೂವರೆ ವರ್ಷದೊಳಗೆ ಅವನು ತೀರಿಕೊಂಡ.

1458ರಲ್ಲಿ ನಾಡಿನ ಸಭೆ ತನ್ನೊಳಗಿನವನೇ ಆದ ಒಬ್ಬ ಪ್ರಭುವನ್ನು ದೊರೆಯಾಗಿ ಆರಿಸಿತು. ಪೊದೆಬ್ರಾದಿಯ ಯಿರ್ಜಿ, ಇಂಗ್ಲಿಷ್ ಪುಸ್ತಕಗಳಲ್ಲಿ ಜಾರ್ಜ್. ಬಟ್ಟಲಿನ ಪಂಗಡದವನು, ಕ್ಯಾಥೊಲಿಕ್ಕರಿಗೂ ದೊರೆಯಾಗಿಯೇ ನಡೆದುಕೊಂಡ. 1462ರಲ್ಲಿ ಪೋಪ್ ಎರಡನೆಯ ಪಯಸ್ ಬಾಸೆಲ್‌ನ ಒಡಂಬಡಿಕೆಯನ್ನೇ ರದ್ದುಮಾಡಿದ. ಆಗ ಯಿರ್ಜಿ ಯುರೋಪಿನ ದೊರೆಗಳ ಮುಂದೆ ಒಂದು ಯೋಜನೆ ಇಟ್ಟ. ಎಲ್ಲ ರಾಜ್ಯಗಳೂ ಒಂದು ಕೂಟ ಕಟ್ಟಿಕೊಳ್ಳಲಿ, ತಮ್ಮೊಳಗೆ ಯುದ್ಧ ಬೇಡ, ವ್ಯಾಜ್ಯಗಳಿಗೆ ಒಂದು ಸಾಮಾನ್ಯ ನ್ಯಾಯಾಲಯ ಇರಲಿ, ಪ್ರತಿನಿಧಿಗಳ ಸಭೆ ಕೂಡಲಿ, ತುರ್ಕರನ್ನು ಎಲ್ಲರೂ ಸೇರಿ ಎದುರಿಸಲಿ. ಅವನ ಭಾವಮೈದ ಲೇವ್ 1465ರಿಂದ ಪರಿವಾರದೊಂದಿಗೆ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್, ಸ್ಪೇನ್, ಪೋರ್ಚುಗಲ್‌ಗಳನ್ನೆಲ್ಲ ಸುತ್ತಿ ಬಂದ. ಮರ್ಯಾದೆ ಸಿಕ್ಕಿತು, ಸಹಿ ಸಿಗಲಿಲ್ಲ. ಪೋಪ್ ಯಿರ್ಜಿಯನ್ನು ಬಹಿಷ್ಕರಿಸಿದ. ಅವನ ಮಾಜಿ ಅಳಿಯ, ಹಂಗೇರಿಯ ಮಥಿಯಾಸ್ ಕೊರ್ವಿನಸ್ ದಂಡೆತ್ತಿ ಬಂದು ಮೊರಾವಿಯಾವನ್ನು ಹಿಡಿದ. 1471ರಲ್ಲಿ ಯಿರ್ಜಿ ತೀರಿಕೊಂಡ. ಅವನ ಇಚ್ಛೆಯಂತೆಯೇ ನಾಡಿನವರು ಪೋಲೆಂಡಿನ ರಾಜಕುಮಾರ ವ್ಲಾದಿಸ್ಲಾವನನ್ನು ಕುತ್ನಾ ಹೋರಾದಲ್ಲಿ ದೊರೆಯಾಗಿ ಆರಿಸಿದರು.

ವ್ಲಾದಿಸ್ಲಾವ್ ಕ್ಯಾಥೊಲಿಕ್, ಪ್ರಜೆಗಳಲ್ಲಿ ಹೆಚ್ಚಿನವರು ಬಟ್ಟಲಿನವರು. 1483ರಲ್ಲಿ, ತಮ್ಮ ಮೇಲೆ ಕ್ಯಾಥೊಲಿಕ್ಕರು ಎರಗಲಿದ್ದಾರೆಂಬ ಭಯದಿಂದ ಪ್ರಾಗಿನ ಜನ ದಂಗೆಯೆದ್ದರು. ಮತ್ತೆ ಪುರಸಭೆಯವರ ಹೆಣಗಳು ಬಿದ್ದವು. ಅರವತ್ತು ವರ್ಷ ಹಿಂದಿನ ಯುದ್ಧ ಮರಳಿ ಬಾಗಿಲಿಗೆ ಬಂದಂತಾಯಿತು. ಇನ್ನೊಂದು ಸುತ್ತಿನ ಕದನವನ್ನು ಯಾರೂ ಗೆಲ್ಲಲಾರರು ಎಂಬುದು ಎರಡೂ ಪಂಗಡದ ಹಿರಿಯರಿಗೆ ಗೊತ್ತಿತ್ತು. ಒಬ್ಬೊಬ್ಬ ಪ್ರಭುವಿನ ಜಹಗೀರಿನಲ್ಲೂ ಎರಡೂ ಪಂಗಡದ ಒಕ್ಕಲುಗಳಿದ್ದರು. ಒಬ್ಬರನ್ನು ಹಿಂಸಿಸಿದರೆ ಹೊಲ ಬೀಳು ಬೀಳುತ್ತಿತ್ತು. ಪೋಪ್ ರದ್ದುಮಾಡಿದ ಒಡಂಬಡಿಕೆಯನ್ನು ನಾಡಿನವರೇ ತಮ್ಮ ಕಾನೂನಾಗಿ ಮಾಡಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಹಾಗಾಗಿ 1485ರ ಆ ಸಭೆ.

ಒಪ್ಪಂದದ ಶಕ್ತಿ ಇರುವುದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ. ಅದನ್ನು ಪೋಪ್ ಕೊಟ್ಟಿದ್ದಲ್ಲ, ಚಕ್ರವರ್ತಿ ಕರುಣಿಸಿದ್ದಲ್ಲ. ಹೊಡೆದಾಡಿದವರೇ ಎದುರುಬದುರು ಕೂತು ಬರೆದುಕೊಂಡದ್ದು. ಯಾರ ಸಿದ್ಧಾಂತ ಸರಿ ಎಂಬ ತೀರ್ಮಾನಕ್ಕೆ ಅವರು ಕೈಹಾಕಲಿಲ್ಲ. ಸಿದ್ಧಾಂತ ಬೇರೆಯಾದರೂ ಒಂದೇ ಊರಿನಲ್ಲಿ ಬಾಳಬೇಕಲ್ಲ, ಅದರ ನಿಯಮವೇನು ಎಂದಷ್ಟೇ ಕೇಳಿಕೊಂಡರು. ಮನುಷ್ಯರನ್ನು ಗಣಿಯ ಬಾವಿಗೆ ತಳ್ಳಿದ್ದ ಊರಿನಲ್ಲೇ ಇದು ನಡೆಯಿತು. ನಾಲ್ಕು ವರ್ಷಗಳ ಬಳಿಕ, 1489ರಲ್ಲಿ, ಅದೇ ಕುತ್ನಾ ಹೋರಾದಲ್ಲಿ ಚೆಕ್ ಭಾಷೆಯ ಸಂಪೂರ್ಣ ಬೈಬಲ್ ಮುದ್ರಣವಾಯಿತು. ಜರ್ಮನಿಯಲ್ಲಿ ಮುಂದೆ ಪ್ರಾಟೆಸ್ಟೆಂಟ್ ಸುಧಾರಣೆ ಹೊತ್ತಿಸಲಿದ್ದ ಲೂಥರ್‌ಗೆ ಆಗ ಆರು ವರ್ಷ.

ಒಪ್ಪಂದದಲ್ಲಿ ಒಂದು ಕೊರತೆಯಿತ್ತು. ಹೆಲ್ಚಿತ್ಸ್ಕಿಯ ಹಾದಿ ಹಿಡಿದ ಸೋದರರ ಕೂಟಕ್ಕೆ ಅದರಲ್ಲಿ ಜಾಗವಿರಲಿಲ್ಲ. 1508ರಲ್ಲಿ ಎರಡು ದೊಡ್ಡ ಪಂಗಡಗಳೂ ಒಂದಾಗಿ ಸೋದರರ ಕೂಟಗಳನ್ನೂ ಪುಸ್ತಕಗಳನ್ನೂ ನಿಷೇಧಿಸುವ ಆಜ್ಞೆ ಹೊರಡಿಸಿದವು. ಇಬ್ಬರು ಬಲಶಾಲಿಗಳು ರಾಜಿಯಾಗುವಾಗ ಮೂರನೆಯ ಬಡವನನ್ನು ಹೊರಗಿಡುವುದು ಎಷ್ಟು ಸುಲಭ! ಆದರೂ ಕೆಲವು ಪ್ರಭುಗಳ ಆಶ್ರಯದಲ್ಲಿ ಸೋದರರು ಉಳಿದರು. ಮೊರಾವಿಯಾದ ಕ್ರಾಲಿತ್ಸೆ ಎಂಬ ಹಳ್ಳಿಯ ಗಢಿಯಲ್ಲಿ ಗುಟ್ಟಾಗಿ ಅಚ್ಚುಕೂಟ ಹೂಡಿ, 1579ರಿಂದ 1593ರವರೆಗೆ ಆರು ಸಂಪುಟಗಳಲ್ಲಿ, ಮೂಲ ಭಾಷೆಗಳಿಂದಲೇ ಬೈಬಲನ್ನು ಚೆಕ್ ಭಾಷೆಗೆ ತಂದರು. ಕಾನೂನಿನ ರಕ್ಷಣೆಯಿಲ್ಲದ ಜನ ತಮ್ಮ ನಾಡಿನ ಭಾಷೆಗೆ ಶತಮಾನಗಳ ಕಾಲ ಬಾಳುವ ಮಾದರಿ ಕೊಟ್ಟರು.

ಈ ನಡುವೆ ಆಳುವ ಮನೆತನ ಬದಲಾಯಿತು. 1526ರಲ್ಲಿ ಹಂಗೇರಿಯ ಮೊಹಾಚ್ ಬಯಲಿನಲ್ಲಿ ಆಟೊಮನ್ ತುರ್ಕರೆದುರು ವ್ಲಾದಿಸ್ಲಾವನ ಮಗ ಲುದ್ವಿಕ್ ಪ್ರಾಣ ಕಳೆದುಕೊಂಡ. ಸಿಂಹಾಸನ ಆಸ್ಟ್ರಿಯಾದ ಹಾಬ್ಸ್‌ಬರ್ಗ್ ಮನೆತನಕ್ಕೆ ಹೋಯಿತು. ಹೊಸ ದೊರೆಗಳಿಗೆ ಬೇರೆ ಬೇರೆ ನಾಡುಗಳ ಹಣ, ಸೈನ್ಯ ಎಲ್ಲವೂ ಇತ್ತು. ವ್ಲಾದಿಸ್ಲಾವನಂತೆ ಬೊಹೀಮಿಯಾದ ಸಭೆಯ ಮರ್ಜಿ ಕಾಯಬೇಕಾದ ಅಗತ್ಯ ದಿನದಿನಕ್ಕೆ ಕಡಿಮೆಯಾಯಿತು. ಒಪ್ಪಂದ ಉಳಿಯಬೇಕಾದರೆ ಎರಡೂ ಕಡೆಯ ಬಲ ತಕ್ಕಡಿಯಲ್ಲಿ ಸಮನಾಗಿರಬೇಕಿತ್ತು; ಆ ತಕ್ಕಡಿ ವಾಲತೊಡಗಿತು.

1609ರಲ್ಲಿ ದೊರೆ ಎರಡನೆಯ ರುಡಾಲ್ಫ್ ತನ್ನ ತಮ್ಮನೊಡನೆಯ ಜಗಳದಲ್ಲಿ ಬಲಹೀನನಾಗಿದ್ದ. ಆ ಸಂದರ್ಭ ನೋಡಿ ಪ್ರಾಟೆಸ್ಟೆಂಟ್ ಪ್ರಭುಗಳು ಅವನಿಂದ ಒಂದು ಸನ್ನದು ಬರೆಸಿಕೊಂಡರು. ಕ್ಯಾಥೊಲಿಕ್ಕರಲ್ಲದವರೆಲ್ಲರಿಗೂ, ಸೋದರರ ಕೂಟಕ್ಕೂ, ಊಳಿಗದ ಒಕ್ಕಲುಗಳಿಗೂ ನಂಬಿಕೆಯ ಸ್ವಾತಂತ್ರ್ಯ ಕೊಡುವ ಸನ್ನದು ಅದು. 1485ರ ಕೊರತೆ ಕಡೆಗೂ ತುಂಬಿತು. ಆದರೆ ಅದರ ಜೊತೆಗೆ ಮಾಡಿಕೊಂಡ ಒಪ್ಪಂದದ ಒಂದು ಅಂಶ ಮಸುಕಾಗಿಯೇ ಉಳಿಯಿತು. ದೊರೆಯ ಭೂಮಿಯಲ್ಲಿ ಪ್ರಾಟೆಸ್ಟೆಂಟರು ಚರ್ಚು ಕಟ್ಟಬಹುದು ಎಂದಿತ್ತು. ಮಠಗಳ ಭೂಮಿ ದೊರೆಯದೋ ಮಠದ್ದೋ? ದೊರೆಯದು ಎಂದರು ಪ್ರಾಟೆಸ್ಟೆಂಟರು. ಮಠದ್ದೇ ಎಂದರು ಕ್ಯಾಥೊಲಿಕ್ಕರು. ಬ್ರೌಮೋವ್ ಮತ್ತು ಹ್ರೋಬ್ ಎಂಬ ಊರುಗಳಲ್ಲಿ ಪ್ರಾಟೆಸ್ಟೆಂಟರು ಮಠದ ಭೂಮಿಯಲ್ಲಿ ಕಟ್ಟಿದ ಚರ್ಚುಗಳಲ್ಲಿ ಒಂದನ್ನು ಮುಚ್ಚಿಸಿದರು, ಇನ್ನೊಂದನ್ನು ಕೆಡವಿದರು. ಸಿಟ್ಟಿಗೆದ್ದ ಪ್ರಭುಗಳು 1618ರ ಮೇ 23ರಂದು ಪ್ರಾಗಿನ ಕೋಟೆಗೆ ನುಗ್ಗಿ, ದೊರೆಯ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಕಿಟಕಿಯಿಂದ ಎಸೆದರು. ಮೂವರೂ ಬದುಕಿಕೊಂಡರು. ಅಲ್ಲಿ ಹೊತ್ತಿದ ಕಿಡಿ ಮೂವತ್ತು ವರ್ಷಗಳ ಯುದ್ಧವಾಗಿ ಯುರೋಪನ್ನೆಲ್ಲ ಸುಟ್ಟಿತು.

ಬೊಹೀಮಿಯಾದ ಪಾಲಿನ ತೀರ್ಪು ಬೇಗನೆ ಬಂತು. 1620ರ ನವೆಂಬರ್ 8ರಂದು ಪ್ರಾಗಿನ ಹೊರವಲಯದ ಬಿಳಿಗುಡ್ಡದ ಮೇಲೆ ಎರಡು ತಾಸಿನೊಳಗೆ ಪ್ರಭುಗಳ ಸೈನ್ಯ ಸೋತಿತು. ಸಂಬಳ ಸಿಗದ ಬಾಡಿಗೆ ಸೈನಿಕರನ್ನು ನೆಚ್ಚಿ ಹೂಡಿದ ಬಂಡಾಯ ಅದು. ತಮ್ಮ ಒಕ್ಕಲುಗಳನ್ನು ಹುರಿದುಂಬಿಸುವ ಕೆಲಸವನ್ನು ಪ್ರಭುಗಳು ಮಾಡಿರಲಿಲ್ಲ. ಜಿಜ್ಕಾನ ಕಾಲದಲ್ಲಿ ಕಾಳು ಬಡಿಯುವ ಕೋಲು ಹಿಡಿದು ಎದ್ದಿದ್ದ ಹಳ್ಳಿ ಈ ಸಲ ಏಳಲಿಲ್ಲ. 1621ರ ಜೂನ್ 21ರಂದು ಪ್ರಾಗಿನ ಹಳೆಪೇಟೆಯ ಚೌಕದಲ್ಲಿ 27 ಜನರಿಗೆ ಮರಣದಂಡನೆಯಾಯಿತು. ಮೂವರು ಪ್ರಭುಗಳು, ಏಳು ಸರದಾರರು, ಹದಿನೇಳು ನಾಗರಿಕರು. ಅವರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥ ಯೆಸ್ಸೆನಿಯಸ್‌ನೂ ಒಬ್ಬ. ಹನ್ನೆರಡು ತಲೆಗಳನ್ನು ಸೇತುವೆಯ ಗೋಪುರಕ್ಕೆ ತೂಗುಹಾಕಿದರು. 1627ರಲ್ಲಿ ಹೊಸ ರಾಜ್ಯಶಾಸನ ಬಂತು. ನಾಡಿನಲ್ಲಿ ಕ್ಯಾಥೊಲಿಕ್ ಧರ್ಮ ಒಂದೇ, ಸಿಂಹಾಸನ ವಂಶಪಾರಂಪರ್ಯ, ಚೆಕ್ ಭಾಷೆಯ ಜೊತೆಗೆ ಜರ್ಮನ್ನಿಗೂ ಸಮಾನ ಸ್ಥಾನ. ಒಪ್ಪದ ಪ್ರಭುಗಳೂ ಪೇಟೆಯವರೂ ದೇಶ ಬಿಡಬಹುದು. ಒಕ್ಕಲುಗಳಿಗೆ ಆ ಹಕ್ಕೂ ಇರಲಿಲ್ಲ. ಅವರು ನೆಲಕ್ಕೆ ಅಂಟಿದವರು. ಮತ ಬದಲಿಸಲೇಬೇಕು, ಇಲ್ಲವೇ ರಾತ್ರೋರಾತ್ರಿ ಗಡಿ ದಾಟಬೇಕು.

ಹೀಗೆ ದೇಶ ಬಿಟ್ಟವರಲ್ಲಿ ಸೋದರರ ಕೂಟದ ಗುರು ಯಾನ್ ಆಮೋಸ್ ಕೊಮೆನಿಯಸ್ ಒಬ್ಬ. 1628ರಲ್ಲಿ ಪೋಲೆಂಡಿನ ಲೆಶ್ನೋ ಪಟ್ಟಣ ಸೇರಿದ. ಗಂಡು ಹೆಣ್ಣು, ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳಿಗೂ ಶಾಲೆ ಬೇಕು, ಹೊಡೆಯದೆ ಕಲಿಸಬೇಕು, ಮೊದಲು ಕಣ್ಣಿಗೆ ತೋರಿಸಿ ಆಮೇಲೆ ಹೆಸರು ಹೇಳಿಕೊಡಬೇಕು ಎಂದ. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಅವನ ಚಿತ್ರಪುಸ್ತಕ ಯುರೋಪಿನ ಮಕ್ಕಳಿಗೆಲ್ಲ ಪಾಠವಾಯಿತು. 1648ರ ವೆಸ್ಟ್‌ಫಾಲಿಯಾ ಶಾಂತಿಸಂಧಾನದಲ್ಲಿ ತನ್ನ ಜನರಿಗೆ ನಾಡಿಗೆ ಮರಳುವ ಹಕ್ಕು ಸಿಗುವುದೆಂದು ಕಾದ, ಸಿಗಲಿಲ್ಲ. 1656ರಲ್ಲಿ ಲೆಶ್ನೋ ಬೆಂಕಿಗೆ ಬಿದ್ದಾಗ ದಶಕಗಳ ಹಸ್ತಪ್ರತಿಗಳು ಸುಟ್ಟುಹೋದವು. 1670ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೀರಿಕೊಂಡ. ಒಂದೇ ನಂಬಿಕೆಯ ನಾಡು ಬೇಕೆಂದವರು ಕಳೆದುಕೊಂಡದ್ದು ಇಂಥವರನ್ನು.

ನಾಡಿನೊಳಗೆ ಉಳಿದ ಒಕ್ಕಲುಗಳ ಕಥೆ ಇನ್ನೂ ದೀರ್ಘ. ಭಾನುವಾರ ಅವರು ಕ್ಯಾಥೊಲಿಕ್ ಪೂಜೆಗೆ ಹೋಗುತ್ತಿದ್ದರು. ರಾತ್ರಿ ಕದ ಹಾಕಿಕೊಂಡು ಕ್ರಾಲಿತ್ಸೆಯ ಬೈಬಲ್ ಓದುತ್ತಿದ್ದರು. ಅಂಥ ಪುಸ್ತಕಗಳನ್ನು ಹುಡುಕಿ ಸುಡುವುದಕ್ಕೆ ಹೆಸರಾದ ಜೆಸುಯಿಟ್ ಪಾದ್ರಿ ಕೊನಿಯಾಶ್ 1729ರಲ್ಲಿ ನಿಷಿದ್ಧ ಪುಸ್ತಕಗಳ ಪಟ್ಟಿಯನ್ನೇ ಅಚ್ಚುಹಾಕಿಸಿದ. ಮೊರಾವಿಯಾದಿಂದ ಗಡಿ ದಾಟಿದ ಕೆಲವು ಮನೆಯವರು 1722ರಲ್ಲಿ ಸ್ಯಾಕ್ಸನಿಯಲ್ಲಿ ಹೆರ್ನ್‌ಹುಟ್ ಎಂಬ ಊರು ಕಟ್ಟಿದರು. ಹಳೆಯ ಸೋದರರ ಕೂಟ ಅಲ್ಲಿ ಮೊರಾವಿಯನ್ ಚರ್ಚು ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಅದೇ ಚರ್ಚಿನವರು 1885ರಲ್ಲಿ ನಮ್ಮ ಲಡಾಖಿನ ಲೇಹ್ ಪಟ್ಟಣದಲ್ಲಿ ನೆಲೆ ಮಾಡಿದರು; ಅವರ ಶಾಲೆ ಇಂದಿಗೂ ಅಲ್ಲಿ ನಡೆಯುತ್ತಿದೆ.

1781ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಸಹಿಷ್ಣುತೆಯ ಶಾಸನ ಹೊರಡಿಸಿದ. ಲೂಥರನ ಅಥವಾ ಕ್ಯಾಲ್ವಿನನ ಪಂಗಡದವರೆಂದು ಹೆಸರು ಬರೆಸಿಕೊಂಡರೆ ಶಿಕ್ಷೆಯಿಲ್ಲ ಎಂದ. ಬಟ್ಟಲಿನವರ, ಸೋದರರ ಹೆಸರು ಅದರಲ್ಲಿ ಇರಲಿಲ್ಲ. ಬೊಹೀಮಿಯಾ, ಮೊರಾವಿಯಾಗಳ ಹಳ್ಳಿಗಳಿಂದ ಹತ್ತಾರು ಸಾವಿರ ಜನ ಮುಂದೆ ಬಂದು ತಾವು ಕ್ಯಾಥೊಲಿಕ್ಕರಲ್ಲ ಎಂದು ಹೆಸರು ಬರೆಸಿದರು. ಬಿಳಿಗುಡ್ಡದ ಯುದ್ಧ ಮುಗಿದು ಆಗ 161 ವರ್ಷ.

ಯುರೋಪಿನಲ್ಲಿ ಧಾರ್ಮಿಕ ಸಹಿಷ್ಣುತೆಯ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಲಾಕ್, ವಾಲ್ಟೇರರಂಥ ದೊಡ್ಡ ಚಿಂತಕರಿಂದ ಶುರುಮಾಡುತ್ತೇವೆ. ಅವರಿಗಿಂತ ಬಹು ಮುಂಚೆ, ಯುದ್ಧದಲ್ಲಿ ಬೆಂದ ನಾಡಿನ ಪ್ರತಿನಿಧಿಗಳು ಅದನ್ನು ಕಾನೂನಾಗಿ ಬರೆದು, ತಲೆಮಾರುಗಳ ಕಾಲ ಅದರಂತೆ ಬಾಳಿದರು ಎಂಬುದನ್ನು ನೆನಪಿಡಬೇಕು. ಅದು ಮುರಿದುಬಿದ್ದ ರೀತಿಯನ್ನೂ ನೆನಪಿಡಬೇಕು. ಬಲಶಾಲಿಗಳಿಬ್ಬರ ನಡುವಿನ ರಾಜಿ ಬಲ ತಪ್ಪಿದ ದಿನ ಮುರಿಯುತ್ತದೆ. ಪ್ರಭುಗಳು ತಮ್ಮ ಹಕ್ಕನ್ನು ಮಾತ್ರ ಕಾಯಲು ಹೊರಟು ಒಕ್ಕಲುಗಳನ್ನು ಮರೆತರು, ಕೊನೆಗೆ ತಮ್ಮ ಹಕ್ಕನ್ನೂ ಕಳೆದುಕೊಂಡರು. ಪ್ರಭುಗಳು ಸೋತು ದೇಶ ಬಿಟ್ಟಮೇಲೂ ಆ ನಂಬಿಕೆಯನ್ನು ಆರು ತಲೆಮಾರು ಉಳಿಸಿಕೊಂಡವರು ಅದೇ ಒಕ್ಕಲುಗಳು. ಒಡೆಯನದಲ್ಲ ಎಂದು ಕುತ್ನಾ ಹೋರಾದವರು ಬರೆದದ್ದನ್ನು ನಿಜವೆಂದು ತೋರಿಸಿಕೊಟ್ಟವರೂ ಅವರೇ.